ಅರ್ಧ ನ್ಯೂಟ್ರಾನ್ ಎಲ್ಲಿದೆ?

ಹೋದ ತಿಂಗಳು ಒಂದು ಭಾನುವಾರ ರಾತ್ರಿ ಮೆಸ್‌ನಲ್ಲಿ ಊಟ ಮುಗಿಸಿ ಬಂದು ರೂಮಿನಲ್ಲಿ ಕೂತಿದ್ವಿ. ನಮ್ಮಲ್ಲೊಬ್ಬನಿಗೆ ಮನೆಯಿಂದ ಫೋನ್ ಬಂತು. ಒಂಬತ್ತನೇ ಕ್ಲಾಸಿನಲ್ಲಿ ಓದುತ್ತಿರುವ ಅವನ ತಮ್ಮ. ಮಾರನೇ ದಿನ ಸೈನ್ಸ್ ಟೆಸ್ಟ್ ಅಂತೆ. ಅಣ್ಣ ಎಂಜಿನಿಯರಿಂಗ್ ಓದ್ತಿದ್ದಾನೆ, ಅಣ್ಣನ ರೂಮಿನಲ್ಲಿ ಇನ್ನೂ ಮೂರು ಜನ ಎಂಜಿನಿಯರಿಂಗ್ ಓದುವವರು ಇದ್ದಾರೆ ಅನ್ನೋ ಧೈರ್ಯದಲ್ಲಿ ಹುಡುಗ ಕೇಳಿದ:

"ಅಣ್ಣಾ, ಕ್ಲೋರಿನ್‌ದು ಮಾಸ್ 35.5, ಅಟಾಮಿಕ್ ನಂಬರ್ 17. ಕಳೆದ್ರೆ ನ್ಯೂಟ್ರಾನ್ 18.5 ಬರುತ್ತೆ. ಅರ್ಧ ನ್ಯೂಟ್ರಾನ್ ಇರುತ್ತಾ?"

ಸ್ಪೀಕರ್ ಆನ್ ಇತ್ತು. ನಾಲ್ಕೂ ಜನ ಮುಖ ಮುಖ ನೋಡಿಕೊಂಡ್ವಿ. ನಗು ಬಂತು, ಆದರೆ ಉತ್ತರ ಬರಲಿಲ್ಲ. "ಹಂಗೆಲ್ಲ ಇರಲ್ಲ ಕಣೋ, ಅದು ಐಸೋಟೋಪ್ ಇರೋದ್ರಿಂದ" ಅಂತ ಅಣ್ಣ ಹೇಳಿದ. "ಐಸೋಟೋಪ್ ಇದ್ರೆ ಅರ್ಧ ಯಾಕೆ ಬರುತ್ತೆ?" ಅಂತ ತಮ್ಮ. "ಅದು ಆವರೇಜ್." "ಯಾವುದರ ಆವರೇಜ್? ನ್ಯೂಟ್ರಾನ್ 18 ಇರುತ್ತಾ, 19 ಇರುತ್ತಾ?" ಅಲ್ಲಿಗೆ ಅಣ್ಣನ ಸ್ಟಾಕ್ ಖಾಲಿ. ಹತ್ತು ನಿಮಿಷ ಬಿಟ್ಟು ಮಾಡ್ತೀನಿ ಅಂತ ಫೋನ್ ಇಟ್ಟ.

ನಾವು ನಾಲ್ವರೂ ಪಿಯುಸಿ ಕೆಮಿಸ್ಟ್ರಿಯಲ್ಲಿ ತೊಂಬತ್ತರ ಮೇಲೆ ತೆಗೆದವರು. ಸಿಇಟಿಗೆ ಅಂತ ಎರಡು ವರ್ಷ ಕೋಚಿಂಗ್ ಹೋದವರು. ಹೋದ ವರ್ಷ ಸಿ ಸೈಕಲ್‌ನಲ್ಲಿ ಕೆಮಿಸ್ಟ್ರಿ ಲ್ಯಾಬ್ ಮಾಡಿ, ಬ್ಯುರೆಟ್ ಹಿಡಿದು, 35.5 ಅನ್ನೋ ಸಂಖ್ಯೆಯನ್ನು ಕ್ಯಾಲ್ಕುಲೇಟರಿಗೆ ಎಷ್ಟು ಸಲ ಒತ್ತಿದ್ದೇವೋ ಲೆಕ್ಕವಿಲ್ಲ. ಆ ಸಂಖ್ಯೆ ಏನು ಅಂತ ಒಂದು ದಿನವೂ ನಿಂತು ಕೇಳಿಕೊಂಡಿರಲಿಲ್ಲ. ಬಾಯಿಪಾಠ ಇತ್ತು, ಅಷ್ಟೇ.

ಆ ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟಿದ್ದು ನಮ್ಮ ನಾಲ್ಕನೆಯವನು. ಗದಗ ಕಡೆಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮಂಚದ ಮೇಲೆ ಮಲಗಿಕೊಂಡೇ ಹೇಳಿದ: "ಸಮಸ್ಥಾನಿ ಅಂದ್ರ ಒಂದ ಜಾಗಾದಾಗ ಕುಂತಾವು ಅಂತ. ಜಾಗಾ ಒಂದ, ತೂಕ ಬ್ಯಾರೆ. ಕ್ಲೋರಿನ್ನಿನಾಗ ಮೂರು ಪಾಲು 35, ಒಂದು ಪಾಲು 37. ಅರ್ಧಾ ಯಾವುದ್ರಾಗೂ ಇಲ್ಲ ಲೇ, ಅದು ನಾವು ಮಾಡಿದ ಸರಾಸರಿ."

ನಾವು ಮೂವರು ಎದ್ದು ಕೂತ್ವಿ. ಸಮಸ್ಥಾನಿ. ನಾವು ಒಂಬತ್ತನೇ ಕ್ಲಾಸಿನಿಂದ ಐಸೋಟೋಪ್, ಐಸೋಟೋಪ್ ಅಂತ ಮಂತ್ರ ಜಪಿಸಿದ್ದೇವೆ, ಆ ಪದಕ್ಕೆ ಒಂದು ಅರ್ಥ ಇದೆ ಅನ್ನೋದೇ ಗೊತ್ತಿರಲಿಲ್ಲ. ಆಮೇಲೆ ಹುಡುಕಿದರೆ ಇಂಗ್ಲಿಷ್ ಪದವೂ ಅದನ್ನೇ ಹೇಳುತ್ತಂತೆ. ಗ್ರೀಕ್‌ನಲ್ಲಿ ಐಸೋಸ್ ಅಂದರೆ ಸಮಾನ, ಟೋಪೋಸ್ ಅಂದರೆ ಸ್ಥಾನ. 1913ರಲ್ಲಿ ಗ್ಲಾಸ್ಗೋದಲ್ಲಿದ್ದ ಫ್ರೆಡರಿಕ್ ಸಾಡಿ ಈ ಪದವನ್ನು ಬಳಕೆಗೆ ತಂದರು. ಪದ ಸೂಚಿಸಿದ್ದು ಮಾರ್ಗರೆಟ್ ಟಾಡ್, ಡಾಕ್ಟರ್ ಮತ್ತು ಕಾದಂಬರಿಕಾರ್ತಿ. ಆವರ್ತ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಕೂರುವ ಆದರೆ ತೂಕ ಬೇರೆ ಇರುವ ಪರಮಾಣುಗಳು. ಗ್ರೀಕ್ ಬಾರದ ನಮಗೆ ಐಸೋಟೋಪ್ ಬರೀ ಒಂದು ಸದ್ದು. ನಮ್ಮ ರೂಮ್‌ಮೇಟ್‌ಗೆ ಸಮಸ್ಥಾನಿ ಒಂದು ವಾಕ್ಯ. ಪದದ ಒಳಗೇ ವಿವರಣೆ ಇದೆ.

ಇದನ್ನು ಹೇಳುವಾಗ ಕನ್ನಡದ ಪಾರಿಭಾಷಿಕ ಪದಗಳೆಲ್ಲ ಸಲೀಸು ಅಂತ ನಾವು ಹೇಳುತ್ತಿಲ್ಲ. "ಸರಾಸರಿ ಪರಮಾಣು ದ್ರವ್ಯರಾಶಿ" ಅನ್ನೋದನ್ನು ಒಂದೇ ಉಸಿರಿನಲ್ಲಿ ಹೇಳಲು ನಮಗೆ ಮೂರು ಪ್ರಯತ್ನ ಬೇಕಾಯಿತು. ಆದರೆ ನಮಗೆ ಚುಚ್ಚಿದ್ದು ಬೇರೆ ವಿಷಯ. ಇಷ್ಟು ಚೆನ್ನಾಗಿ ಗೊತ್ತಿರುವ ಇವನು ಹೋದ ವರ್ಷ ಕೆಮಿಸ್ಟ್ರಿ ವೈವಾದಲ್ಲಿ ಇದೇ ಥರದ ಪ್ರಶ್ನೆಗೆ ಬಾಯಿ ಬಿಟ್ಟಿರಲಿಲ್ಲ. ಯಾಕೋ ಅಂತ ಕೇಳಿದ್ವಿ. "ಇಂಗ್ಲಿಷ್‌ನಾಗ ವಾಕ್ಯ ಜೋಡಸೂದ್ರಾಗ ಅವರು ನೆಕ್ಸ್ಟ್ ಅಂದ್ರು" ಅಂದ. ನಾವು ಮೂವರು ಆ ದಿನ ಟಪಟಪ ಡೆಫಿನಿಷನ್ ಒಪ್ಪಿಸಿ ಮಾರ್ಕ್ಸ್ ತಗೊಂಡಿದ್ವಿ. ಡೆಫಿನಿಷನ್ ಗೊತ್ತಿದ್ದ ಮೂವರಿಗೆ ವಿಷಯ ಗೊತ್ತಿರಲಿಲ್ಲ, ವಿಷಯ ಗೊತ್ತಿದ್ದ ಒಬ್ಬನಿಗೆ ಮಾರ್ಕ್ಸ್ ಬಂದಿರಲಿಲ್ಲ. ಈ ಲೇಖನ ಬರೀಬೇಕು ಅಂತ ಅನ್ನಿಸಿದ್ದು ಅವತ್ತೇ.

ಮೊದಲು ವಿಷಯ ನೇರ ಮಾಡಿಕೊಳ್ಳೋಣ. ಪರಮಾಣು ಸಂಖ್ಯೆ ಅಂದರೆ ಪ್ರೋಟಾನುಗಳ ಎಣಿಕೆ. 17 ಪ್ರೋಟಾನ್ ಇದ್ದರೆ ಅದು ಕ್ಲೋರಿನ್, ಬೇರೆ ಮಾತಿಲ್ಲ. ಮಾಸ್ ನಂಬರ್ ಅಂದರೆ ಪ್ರೋಟಾನ್ ಮತ್ತು ನ್ಯೂಟ್ರಾನ್ ಸೇರಿಸಿದ ಎಣಿಕೆ. ಗಮನಿಸಿ, ಎಣಿಕೆ. ಹೆಸರಿನಲ್ಲಿ ಮಾಸ್ ಇದ್ದರೂ ಅದು ತೂಕವಲ್ಲ, ತಲೆ ಲೆಕ್ಕ. ತಲೆ ಎಣಿಸಿದರೆ ಅರ್ಧ ಬರಲು ಸಾಧ್ಯವೇ ಇಲ್ಲ. ಕ್ಲೋರಿನ್-35ರಲ್ಲಿ 18 ನ್ಯೂಟ್ರಾನ್, ಕ್ಲೋರಿನ್-37ರಲ್ಲಿ 20. ಹುಡುಗ ಕೇಳಿದ 19 ಕೂಡ ಇಲ್ಲ! ಇನ್ನು 35.5 ಅನ್ನೋದು ಒಂದು ಪರಮಾಣುವಿನ ಸಂಖ್ಯೆಯೇ ಅಲ್ಲ. ಅದು ಗುಂಪಿನ ಸಂಖ್ಯೆ. ನಾಲ್ಕು ಪರಮಾಣುಗಳಲ್ಲಿ ಸುಮಾರು ಮೂರು 35, ಒಂದು 37. ಮೂರು ಮೂವತ್ತೈದಲಿ 105, ಅದಕ್ಕೆ 37 ಸೇರಿಸಿದರೆ 142, ನಾಲ್ಕರಿಂದ ಭಾಗಿಸಿದರೆ 35.5. ಇನ್ನೂ ನಿಖರವಾಗಿ ಮಾಡಿದರೆ 75.8 ಮತ್ತು 24.2 ಪರ್ಸೆಂಟ್, ಆಗ 35.45.

ಇಲ್ಲಿ 35 ಮತ್ತು 37 ಕೂಡಿಸಿ ಎರಡರಿಂದ ಭಾಗಿಸಿದರೆ 36 ಬರುತ್ತೆ, ಅದು ತಪ್ಪು. ಈ ತಪ್ಪು ಮಾಡುವವರು ನಮ್ಮ ಕ್ಯಾಂಪಸ್‌ನಲ್ಲಿ ಇರಬಾರದು, ಯಾಕಂದ್ರೆ ಎಸ್‌ಜಿಪಿಎ ಲೆಕ್ಕ ಹಾಕುವಾಗ ಎಲ್ಲರೂ ತೂಕದ ಸರಾಸರಿಯ ಪಂಡಿತರೇ. ನಾಲ್ಕು ಕ್ರೆಡಿಟ್ ಸಬ್ಜೆಕ್ಟಿನಲ್ಲಿ 6 ಪಾಯಿಂಟ್, ಒಂದು ಕ್ರೆಡಿಟ್ ಸಬ್ಜೆಕ್ಟಿನಲ್ಲಿ 10 ಪಾಯಿಂಟ್ ಬಂದರೆ 8 ಅಂತ ಯಾರೂ ಖುಷಿಪಡಲ್ಲ. 24ಕ್ಕೆ 10 ಸೇರಿಸಿ 5ರಿಂದ ಭಾಗಿಸಿ 6.8 ಅಂತ ತಲೆ ಮೇಲೆ ಕೈ ಇಟ್ಟುಕೊಳ್ತೀವಿ. ಕ್ರೆಡಿಟ್ ಜಾಗದಲ್ಲಿ ಪ್ರಮಾಣ, ಪಾಯಿಂಟ್ ಜಾಗದಲ್ಲಿ ದ್ರವ್ಯರಾಶಿ ಹಾಕಿ. ಅದೇ ಲೆಕ್ಕ.

ಅವತ್ತು ತಮ್ಮನಿಗೆ ಫೋನ್‌ನಲ್ಲಿ ಹೇಳಿದ್ದು ಎಸ್‌ಜಿಪಿಎ ಅಲ್ಲ, ಪಾಪ ಅವನಿಗೆ ಆ ಕಷ್ಟ ಇನ್ನೂ ಬಂದಿಲ್ಲ. ನಾಣ್ಯದ ಲೆಕ್ಕ ಹೇಳಿದ್ವಿ. ಮೇಜಿನ ಮೇಲೆ ಚಿಲ್ಲರೆ ಬಿದ್ದಿತ್ತು. ಒಂದು ರೂಪಾಯಿಯ ಹಳೇ ದೊಡ್ಡ ಸ್ಟೀಲ್ ನಾಣ್ಯ 4.85 ಗ್ರಾಂ. 2011ರಲ್ಲಿ ಬಂದ ಚಿಕ್ಕದು 3.79 ಗ್ರಾಂ. (ಆಮೇಲೆ ಇನ್ನೂ ಚಿಕ್ಕದೊಂದು ಬಂದಿದೆ, ಅದನ್ನು ಸದ್ಯಕ್ಕೆ ಬಿಡೋಣ.) ಅಂಗಡಿಯವರು ಎರಡನ್ನೂ ಒಂದು ರೂಪಾಯಿ ಅಂತಲೇ ತಗೋತಾರೆ, ಚಾಕೊಲೇಟ್ ಎರಡಕ್ಕೂ ಒಂದೇ ಬರುತ್ತೆ. ಬೆಲೆ ಒಂದು, ತೂಕ ಬೇರೆ. ಪರಮಾಣುವಿನಲ್ಲೂ ಹಾಗೆಯೇ, ಪ್ರೋಟಾನ್ ಎಣಿಕೆ ಬೆಲೆ ಇದ್ದಂತೆ. ರಾಸಾಯನಿಕ ಕ್ರಿಯೆ ಅನ್ನೋ ಅಂಗಡಿಯಲ್ಲಿ ಎರಡೂ ಕ್ಲೋರಿನ್ ಹೆಚ್ಚುಕಮ್ಮಿ ಒಂದೇ ಥರ ನಡೆಯುತ್ತವೆ.

ಈಗ ಒಂದು ಚೀಲದಲ್ಲಿ ಮೂರು ದೊಡ್ಡ, ಏಳು ಚಿಕ್ಕ ನಾಣ್ಯ ಹಾಕಿ ತೂಗಿದರೆ 41.08 ಗ್ರಾಂ. ಸರಾಸರಿ 4.108. ಚೀಲ ಬಿಚ್ಚಿ 4.108 ಗ್ರಾಂ ತೂಗುವ ನಾಣ್ಯ ಹುಡುಕಿ ಅಂದರೆ ಸಿಗುತ್ತಾ? ಸಿಗಲ್ಲ. ಹಾಗಂತ ಆ ಸಂಖ್ಯೆ ಸುಳ್ಳೂ ಅಲ್ಲ. ಇದೇ ಮಿಶ್ರಣದ ಹತ್ತು ಸಾವಿರ ನಾಣ್ಯ ಎಣಿಸಬೇಕು ಅಂದರೆ ಒಂದೊಂದಾಗಿ ಎಣಿಸೋದಕ್ಕಿಂತ ತೂಗಿ 4.108ರಿಂದ ಭಾಗಿಸೋದು ಸುಲಭ. ಲ್ಯಾಬ್‌ನಲ್ಲಿ ನಾವು ಮಾಡೋದು ಅದನ್ನೇ. ಚಿಟಿಕೆ ಉಪ್ಪಿನಲ್ಲೂ ಇರುವ ಕ್ಲೋರಿನ್ ಪರಮಾಣುಗಳು ಎಷ್ಟು ಕೋಟಿ ಕೋಟಿ ಅಂದರೆ ಸರಾಸರಿ ಬಿಟ್ಟರೆ ಗತಿಯಿಲ್ಲ. ಟೈಟ್ರೇಷನ್‌ಗೆ 35.5 ಸರಿಯಾದ ಸಂಖ್ಯೆಯೇ. ನಮ್ಮ ತಕರಾರು ಸಂಖ್ಯೆಯ ಮೇಲಲ್ಲ. ಗುಂಪಿನ ಸಂಖ್ಯೆಯನ್ನು ಒಂದು ಪರಮಾಣುವಿನ ಕೊರಳಿಗೆ ಕಟ್ಟಿ ನಮಗೆ ಕಲಿಸಿದ್ದಾರೆ, ನಾವೂ ಕಲಿತಿದ್ದೇವೆ. ತಕರಾರು ಅದರ ಮೇಲೆ.

ನಮಗೆ ಹೇಳಿಕೊಟ್ಟ ಶಾರ್ಟ್‌ಕಟ್ ನೆನಪಿದೆಯಾ? ನ್ಯೂಟ್ರಾನ್ ಎಷ್ಟು ಅಂತ ಕೇಳಿದರೆ ಕೋಷ್ಟಕದಲ್ಲಿರೋ ಮಾಸ್ ಅನ್ನು ರೌಂಡ್ ಆಫ್ ಮಾಡು, ಅಟಾಮಿಕ್ ನಂಬರ್ ಕಳೆ, ಟಿಕ್ ಹಾಕು, ಮುಂದೆ ಹೋಗು. ಇಪ್ಪತ್ತು ಸೆಕೆಂಡಿನ ಕೆಲಸ. ಸೋಡಿಯಂ 22.99, ಅಂದರೆ 23, ಅದರಿಂದ 11 ಕಳೆದರೆ 12. ಸರಿ ಬರುತ್ತೆ. ಅಲ್ಯೂಮಿನಿಯಂ ಸರಿ ಬರುತ್ತೆ. ಸರಿ ಬರುತ್ತಾ ಬರುತ್ತಾ ಇದೇ ನಿಯಮ ಅಂತ ನಂಬಿಕೆ ಬಂದುಬಿಡುತ್ತೆ.

ಈಗ ಬ್ರೋಮಿನ್ ತಗೊಳ್ಳಿ. ಕೋಷ್ಟಕದಲ್ಲಿ 79.904. ರೌಂಡ್ ಮಾಡಿದರೆ 80. ಅದರಿಂದ 35 ಕಳೆದರೆ 45 ನ್ಯೂಟ್ರಾನ್. ಎಷ್ಟು ಅಚ್ಚುಕಟ್ಟು! ಆದರೆ ಪ್ರಕೃತಿಯಲ್ಲಿ ಸಿಗುವ ಬ್ರೋಮಿನ್ ಎರಡೇ: 79 ಮತ್ತು 81, ಹೆಚ್ಚುಕಮ್ಮಿ ಅರ್ಧರ್ಧ. ಒಂದರಲ್ಲಿ 44 ನ್ಯೂಟ್ರಾನ್, ಇನ್ನೊಂದರಲ್ಲಿ 46. ಬ್ರೋಮಿನ್-80 ಅನ್ನು ಕೃತಕವಾಗಿ ಮಾಡಬಹುದು, ಮಾಡಿದರೂ ಹದಿನೆಂಟು ನಿಮಿಷದೊಳಗೆ ಅದರಲ್ಲಿ ಅರ್ಧ ಕ್ಷಯಿಸಿ ಹೋಗುತ್ತೆ. ನಾವು ಯಾವ ಪರಮಾಣುವಿನ ನ್ಯೂಟ್ರಾನ್ ಎಣಿಸಿ ಮಾರ್ಕ್ಸ್ ತಗೊಂಡ್ವೋ ಅದು ಬ್ರೋಮಿನ್ ಬಾಟಲಿಯಲ್ಲಿ ಇರಲೇ ಇಲ್ಲ.

ತಾಮ್ರವೂ ಹೀಗೇ. 63.546, ರೌಂಡ್ ಮಾಡಿದರೆ 64, ಅಂದರೆ 35 ನ್ಯೂಟ್ರಾನ್. ಮನೆಯಲ್ಲಿ ಅಜ್ಜಿ ಹುಣಸೆಹಣ್ಣು ಹಚ್ಚಿ ತಿಕ್ಕುವ ತಾಮ್ರದ ತಂಬಿಗೆಯಲ್ಲಿ ಇರೋದು ತಾಮ್ರ-63 ಮತ್ತು ತಾಮ್ರ-65, ಸುಮಾರು 69 ಮತ್ತು 31 ಪರ್ಸೆಂಟ್. ತಾಮ್ರ-64 ವಿಕಿರಣಶೀಲ, ಅರ್ಧಾಯುಷ್ಯ ಹನ್ನೆರಡೂ ಮುಕ್ಕಾಲು ಗಂಟೆಯ ಹತ್ತಿರ. ಬೆಳ್ಳಿ? 107.87, ಅಂದರೆ 108. ಬೆಳ್ಳಿಯಲ್ಲಿ 107 ಮತ್ತು 109 ಇವೆ, 108 ಇಲ್ಲ. ನಮ್ಮ ಶಾರ್ಟ್‌ಕಟ್ ಪ್ರಕಾರ ಅಜ್ಜಿಯ ತಂಬಿಗೆ, ಅಮ್ಮನ ಕಾಲುಂಗುರ ಎಲ್ಲವೂ ವಿಕಿರಣ ಸೂಸುತ್ತಾ ಕೂತಿರಬೇಕಿತ್ತು.

ಇದು ಹುಡುಗಾಟದ ಉದಾಹರಣೆ ಅನ್ನಿಸಬಹುದು. ಯುರೇನಿಯಂಗೆ ಬರೋಣ. ಕೋಷ್ಟಕದಲ್ಲಿ 238.03. ರೌಂಡ್ ಮಾಡಿದರೆ 238. ಈ ಸಲ ಉತ್ತರ ಸರಿಯೇ, ಯುರೇನಿಯಂ-238 ನಿಜಕ್ಕೂ ಇದೆ, 99.27 ಪರ್ಸೆಂಟ್ ಅದೇ. ಆದರೆ ರೌಂಡ್ ಮಾಡಿದ ಕೂಡಲೇ ಕಣ್ಣಿಂದ ಮರೆಯಾಗಿದ್ದು ಯಾವುದು? ಯುರೇನಿಯಂ-235. ಸಾವಿರ ಪರಮಾಣುವಿನಲ್ಲಿ ಏಳು. ರಿಯಾಕ್ಟರಿನಲ್ಲಿ ನಿಧಾನಗತಿಯ ನ್ಯೂಟ್ರಾನ್ ತಾಗಿದರೆ ಒಡೆದು ಶಕ್ತಿ ಕೊಡೋದು ಮುಖ್ಯವಾಗಿ ಈ ಏಳೇ. ಪ್ರೋಟಾನ್ 92, ಎರಡಕ್ಕೂ ಒಂದೇ, ಕೋಷ್ಟಕದಲ್ಲಿ ಒಂದೇ ಮನೆ, ಆಮ್ಲ ಹಾಕಿದರೆ ಎರಡೂ ಒಂದೇ ಥರ ಕರಗುತ್ತವೆ. ಅದಕ್ಕೇ ಇವುಗಳನ್ನು ಸಾಮಾನ್ಯ ರಸಾಯನ ಕ್ರಿಯೆಯಿಂದ ಬೇರ್ಪಡಿಸೋದು ಅಷ್ಟು ಕಷ್ಟ. ಅನಿಲ ಮಾಡಿ ಸೆಂಟ್ರಿಫ್ಯೂಜ್‌ನಲ್ಲಿ ಸುತ್ತಿಸಿ ಸುತ್ತಿಸಿ ಮೂರು ಯೂನಿಟ್ ತೂಕದ ವ್ಯತ್ಯಾಸವನ್ನೇ ನಂಬಿಕೊಂಡು ಬೇರೆ ಮಾಡಬೇಕು. ದೇಶ ದೇಶಗಳ ನಡುವೆ ಜಗಳ ಆಗೋದು ಈ ಮೂರು ನ್ಯೂಟ್ರಾನಿನ ಮೇಲೆ.

ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ ಓಡುತ್ತಿರುವ ನಾಲ್ಕು ಘಟಕಗಳು ಈ ಬೇರ್ಪಡಿಸುವ ತಾಪತ್ರಯಕ್ಕೆ ಹೋಗದೆ ನೈಸರ್ಗಿಕ ಯುರೇನಿಯಂ ಅನ್ನೇ ಇಂಧನ ಮಾಡಿಕೊಂಡಿವೆ. ಹೇಗೆ ಸಾಧ್ಯ? ಅಲ್ಲಿ ಇನ್ನೊಂದು ಸಮಸ್ಥಾನಿ ಕೆಲಸಕ್ಕೆ ಬಂದಿದೆ. ಸಾವಿರದಲ್ಲಿ ಏಳು ಅಂದರೆ ತುಂಬಾ ಕಡಿಮೆ, ಒಂದು ನ್ಯೂಟ್ರಾನನ್ನೂ ದಂಡ ಮಾಡುವ ಹಾಗಿಲ್ಲ. ನ್ಯೂಟ್ರಾನಿನ ವೇಗ ಇಳಿಸಲು ಮಾಮೂಲಿ ನೀರು ಹಾಕಿದರೆ ಅದರ ಹೈಡ್ರೋಜನ್ ಒಂದಷ್ಟು ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತೆ. ಅದಕ್ಕೆ ಭಾರಜಲ. ಅದರ ಹೈಡ್ರೋಜನ್‌ನಲ್ಲಿ ಈಗಾಗಲೇ ಒಂದು ನ್ಯೂಟ್ರಾನ್ ಇದೆ (ಡ್ಯುಟೀರಿಯಂ ಅಂತಾರಲ್ಲ, ಅದು), ಇನ್ನೊಂದಕ್ಕೆ ಅಷ್ಟು ಹಸಿವಿಲ್ಲ. ವೇಗ ಮಾತ್ರ ಇಳಿಸಿ ಮುಂದೆ ಕಳಿಸುತ್ತೆ. ನಮ್ಮ ನಲ್ಲಿ ನೀರಿನಲ್ಲೂ ಡ್ಯುಟೀರಿಯಂ ಇದೆ, ಆರು ಸಾವಿರ ಚಿಲ್ಲರೆ ಹೈಡ್ರೋಜನ್‌ಗೆ ಒಂದರಂತೆ. ಅದನ್ನು ಹೆಕ್ಕಿ ಹೆಕ್ಕಿ ಒಟ್ಟುಮಾಡಬೇಕು. ಹಾಗೆ ಓಡುವ ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ 962 ದಿನ ನಡೆದು ಆಗ ವಿಶ್ವದಾಖಲೆ ಮಾಡಿತ್ತು. ಮನೆಯ ಬಲ್ಬಿನಲ್ಲಿ ಕೈಗಾದ ಕರೆಂಟ್ ಎಷ್ಟು ಪಾಲು ಅಂತ ಹೇಳಲಾಗದು, ಆದರೆ ಅದರ ಹಿಂದೆ ಇರೋದು ಸರಾಸರಿಯಲ್ಲಿ ಮುಚ್ಚಿಹೋಗುವ ಎರಡು ಸಣ್ಣ ಪ್ರಮಾಣಗಳು. ಇಲೆಕ್ಟ್ರಿಕಲ್ ಬ್ರಾಂಚಿನವರು ಕೆಮಿಸ್ಟ್ರಿ ನಮಗ್ಯಾಕೆ ಅಂತ ಸಿ ಸೈಕಲ್ ಪೂರ್ತಿ ಗೊಣಗಿದ್ದು ನೆನಪಿದೆ. ನಾವೂ ಗೊಣಗಿದ್ವಿ.

ಇನ್ನೊಂದು ವಿಷಯ ನಮಗೆ ಈ ವಿಚಾರ ಕೆದಕಿದಾಗಲೇ ಗೊತ್ತಾಗಿದ್ದು. ಕೋಷ್ಟಕದ ಸಂಖ್ಯೆಗಳು ಕಲ್ಲಿನ ಮೇಲಿನ ಬರಹ ಅಂದುಕೊಂಡಿದ್ವಿ. ಅಲ್ಲ. ನಾಣ್ಯದ ಚೀಲದಲ್ಲಿ ಏಳು ದೊಡ್ಡ, ಮೂರು ಚಿಕ್ಕ ಹಾಕಿದರೆ ಸರಾಸರಿ 4.532ಕ್ಕೆ ಏರುತ್ತೆ. ಚೀಲ ಬದಲಾದರೆ ಸರಾಸರಿ ಬದಲು. ಧಾತುಗಳಲ್ಲೂ ಹಾಗೇ ಆಗುತ್ತೆ. ಸೀಸದ ಕಥೆ ಕೇಳಿ. ಯುರೇನಿಯಂ ಕ್ಷಯಿಸುತ್ತಾ ಕೊನೆಗೆ ಸೀಸ-206 ಆಗುತ್ತೆ, ಥೋರಿಯಂ ಕ್ಷಯಿಸಿದರೆ ಸೀಸ-208. ಹಾಗಾಗಿ ಯುರೇನಿಯಂ ಅದಿರಿನಲ್ಲಿ ಸಿಗುವ ಸೀಸ ಮಾಮೂಲಿ ಸೀಸಕ್ಕಿಂತ ಹಗುರ ಇರಬೇಕು, ಥೋರಿಯಂ ಅದಿರಿನದ್ದು ಭಾರ ಇರಬೇಕು. 1914ರ ಸುಮಾರಿಗೆ ಅಮೆರಿಕದ ಟಿ. ಡಬ್ಲ್ಯೂ. ರಿಚರ್ಡ್ಸ್ ಮೊದಲನೆಯದನ್ನು ತೂಗಿ ತೋರಿಸಿದರು, ಸಾಡಿ ಆಗಿನ ಸಿಲೋನಿನಿಂದ ತಂದ ಥೋರೈಟ್ ಅದಿರಿನಲ್ಲಿ ಎರಡನೆಯದನ್ನು ತೋರಿಸಿದರು. ಸೀಸ ಅನ್ನೋ ಒಂದೇ ಧಾತುವಿಗೆ ಊರಿಗೊಂದು ಪರಮಾಣು ತೂಕ! ತಮಾಷೆ ಅಂದರೆ ರಿಚರ್ಡ್ಸ್‌ಗೆ ನೊಬೆಲ್ ಬಂದದ್ದು ಪರಮಾಣು ತೂಕಗಳನ್ನು ಬಹಳ ನಿಖರವಾಗಿ ಅಳೆದದ್ದಕ್ಕೆ. ಆ ನಿಖರತೆ ಇದ್ದುದರಿಂದಲೇ ತೂಕ ಸ್ಥಿರವಲ್ಲ ಅನ್ನೋದು ಸಿಕ್ಕಿಬಿತ್ತು. ನ್ಯೂಟ್ರಾನ್ ಅನ್ನು ಚಾಡ್ವಿಕ್ ಕಂಡುಹಿಡಿದದ್ದು 1932ರಲ್ಲಿ, ಅಂದರೆ ಇವರ್ಯಾರಿಗೂ ನ್ಯೂಟ್ರಾನ್ ಅಂತ ಒಂದಿದೆ ಅನ್ನೋದೇ ಗೊತ್ತಿರಲಿಲ್ಲ. ನಮಗೆ ಪಾಠದಲ್ಲಿ ಮೊದಲು ನ್ಯೂಟ್ರಾನ್, ಆಮೇಲೆ ಐಸೋಟೋಪ್. ಇತಿಹಾಸ ನಡೆದದ್ದು ಉಲ್ಟಾ.

ಆರ್ಗಾನ್ ನಮಗೆ ಇನ್ನೂ ಇಷ್ಟವಾದ ಉದಾಹರಣೆ. ಆರ್ಗಾನ್ 18ನೇ ಮನೆ, ತೂಕ 39.95. ಪೊಟ್ಯಾಸಿಯಂ 19ನೇ ಮನೆ, ತೂಕ 39.10. ಮುಂದಿನ ಮನೆಯದು ಹಗುರ ಯಾಕೆ ಅಂತ ಕೇಳಿದ್ದಕ್ಕೆ ನಮಗೆ ಸಿಕ್ಕಿದ್ದ ಉತ್ತರ "ಎಕ್ಸೆಪ್ಷನ್, ಬರ್ಕೊಳ್ಳಿ" ಅಂತ. ಕಾರಣ ಇಷ್ಟೇ: ಭೂಮಿಯ ಬಂಡೆಗಳಲ್ಲಿರುವ ಪೊಟ್ಯಾಸಿಯಂ-40 ಕೋಟಿಗಟ್ಟಲೆ ವರ್ಷಗಳಿಂದ ಕ್ಷಯಿಸುತ್ತಾ ಒಂದು ಪಾಲು ಆರ್ಗಾನ್-40 ಆಗಿ ಗಾಳಿ ಸೇರಿದೆ. ನಾವು ಉಸಿರಾಡುವ ಗಾಳಿಯ ಆರ್ಗಾನ್‌ನಲ್ಲಿ 99.6 ಪರ್ಸೆಂಟ್ 40ರದ್ದು. ಸೂರ್ಯನಲ್ಲಿ ಹೀಗಿಲ್ಲ, ಅಲ್ಲಿ ಆರ್ಗಾನ್-36ರದ್ದೇ ಮೇಲುಗೈ. ಅಲ್ಲಿನ ಲೆಕ್ಕದಲ್ಲಿ ಕೋಷ್ಟಕ ಬರೆದಿದ್ದರೆ ಆರ್ಗಾನ್ 36 ಚಿಲ್ಲರೆ ಇರುತ್ತಿತ್ತು, ಎಕ್ಸೆಪ್ಷನ್ನೇ ಇರುತ್ತಿರಲಿಲ್ಲ. ಕ್ಲಾಸಿನ ಗೋಡೆಗೆ ತೂಗುಹಾಕಿದ ಚಾರ್ಟ್ ಈ ಭೂಮಿಯ ವಿಳಾಸ ಹೊತ್ತುಕೊಂಡಿದೆ ಅಂತ ಯಾರಾದರೂ ಹೇಳಿದ್ದಿದ್ದರೆ ಒಂಬತ್ತನೇ ಕ್ಲಾಸಿನಲ್ಲೇ ನಾವು ಕೆಮಿಸ್ಟ್ರಿ ಪ್ರೇಮಿಗಳಾಗಿರುತ್ತಿದ್ವೋ ಏನೋ.

ಅಧಿಕೃತವಾಗಿಯೂ ಇದನ್ನು ಒಪ್ಪಿಕೊಂಡಾಗಿದೆ. ಪರಮಾಣು ತೂಕಗಳನ್ನು ನಿಗದಿ ಮಾಡುವ ಐಯುಪಿಎಸಿ ಸಂಸ್ಥೆ 2010ರ ಕೊನೆಯಲ್ಲಿ ಹತ್ತು ಧಾತುಗಳಿಗೆ ಒಂದೇ ಸಂಖ್ಯೆ ಕೊಡೋದನ್ನು ಬಿಟ್ಟು ಇಷ್ಟರಿಂದ ಇಷ್ಟರವರೆಗೆ ಅಂತ ಕೊಟ್ಟಿತು. ಹೈಡ್ರೋಜನ್, ಕಾರ್ಬನ್, ಆಕ್ಸಿಜನ್, ಸಿಲಿಕಾನ್ ಎಲ್ಲ ಆ ಪಟ್ಟಿಯಲ್ಲಿವೆ. ನಮ್ಮ ಕ್ಲೋರಿನ್ ಕೂಡ: 35.446ರಿಂದ 35.457. ನಮಗೆ ಆಗ ನಾಲ್ಕೈದು ವರ್ಷ. ನಾವು ಬೆಳೆದು ಪಿಯುಸಿಗೆ ಬಂದರೂ ಆ ಸುದ್ದಿ ನಮ್ಮ ಕ್ಲಾಸ್‌ರೂಮಿಗೆ ತಲುಪಿರಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಈ ಪಾಠ ಕಷ್ಟದ್ದಲ್ಲ. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಹತ್ತು ನಿಮಿಷದಲ್ಲಿ ಫೋನಿನಲ್ಲೇ ಅರ್ಥವಾಯಿತು. ಅದು ನಮಗೆ ಆರು ವರ್ಷ ಅರ್ಥವಾಗದೇ ಉಳಿದದ್ದು ಯಾರೂ ಕೇಳದೇ ಇದ್ದುದರಿಂದ. ಪರೀಕ್ಷೆಯಲ್ಲಿ "ಡಿಫೈನ್ ಐಸೋಟೋಪ್" ಬರುತ್ತೆ, "ಬ್ರೋಮಿನ್‌ನ ಸರಾಸರಿ 80ರ ಹತ್ತಿರ ಇದೆ, ಬಾಟಲಿಯಲ್ಲಿ ಬ್ರೋಮಿನ್-80 ಇದೆಯೇ?" ಅಂತ ಬರಲ್ಲ. ಎರಡನೇ ಪ್ರಶ್ನೆಗೆ ಬಾಯಿಪಾಠ ನಡೆಯಲ್ಲ. ಸಿಲಬಸ್ ಮುಗಿಸುವ ಒತ್ತಡ ಇದೆ ಅಂತ ಮೇಷ್ಟ್ರುಗಳು ಹೇಳ್ತಾರೆ, ಅದೂ ನಿಜವೇ, ಅವರ ಕಷ್ಟ ನೋಡಿದ್ದೇವೆ. ಆದರೆ ಮೊದಲ ವಾರದ ಲ್ಯಾಬ್‌ನಲ್ಲಿ ತಕ್ಕಡಿ ಬಳಸೋದು ಹೇಗೆ ಅಂತ ತೋರಿಸುವಾಗ ಖಾಲಿ ಬೀಕರ್ ಬದಲು ಎರಡು ಥರದ ಒಂದು ರೂಪಾಯಿ ನಾಣ್ಯ ತೂಗಿಸಿದರೆ ಹೆಚ್ಚಿನ ಸಮಯವೇನೂ ಬೇಡ. ವೈವಾದಲ್ಲಿ ಉತ್ತರ ಕನ್ನಡದಲ್ಲಿ ಬಂದರೆ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಬಂದರೆ, ಕಿವಿಗೊಟ್ಟು ಕೇಳಲಿ. ನಮ್ಮ ಕ್ಲಬ್‌ನವರು ಮೇಷ್ಟ್ರುಗಳ ಹತ್ತಿರ ಇದನ್ನು ನೇರ ಕೇಳಬೇಕು ಅನ್ನೋದು ನಮ್ಮ ಬೇಡಿಕೆ. ನವೆಂಬರ್ ಒಂದಕ್ಕೆ ಬಾವುಟ ಹಾರಿಸಿದಷ್ಟೇ ಉತ್ಸಾಹದಲ್ಲಿ.

ಸರಾಸರಿಯನ್ನು ಸರಿಯಾಗಿ ಓದಲು ಬಾರದಿದ್ದರೆ ಕೆಮಿಸ್ಟ್ರಿ ಹೊರಗೂ ಪೆಟ್ಟು ಬೀಳುತ್ತೆ. ಕಾಲೇಜುಗಳ ಬ್ರೋಷರಿನಲ್ಲಿ "ಆವರೇಜ್ ಪ್ಯಾಕೇಜ್" ಅಂತ ದಪ್ಪ ಅಕ್ಷರದಲ್ಲಿ ಇರುತ್ತಲ್ಲ, ಹತ್ತು ಜನರಲ್ಲಿ ಒಂಬತ್ತು ಜನಕ್ಕೆ 4 ಲಕ್ಷ, ಒಬ್ಬನಿಗೆ 44 ಲಕ್ಷ ಸಿಕ್ಕಿತು ಅಂದುಕೊಳ್ಳಿ. ಸರಾಸರಿ 8 ಲಕ್ಷ. ಆ ಎಂಟು ಲಕ್ಷದ ಹುಡುಗ ಬ್ರೋಮಿನ್-80 ಇದ್ದ ಹಾಗೆ. ಅವನನ್ನು ತೋರಿಸಿ ನಮ್ಮ ಅಪ್ಪ ಅಮ್ಮಂದಿರ ಹತ್ತಿರ ಫೀಸ್ ಕಟ್ಟಿಸಿಕೊಂಡಿರುತ್ತಾರೆ. ಸರಿ, ಈ ವಿಷಯಕ್ಕೆ ಬೇರೆ ಲೇಖನವೇ ಬೇಕು.

ಟೆಸ್ಟ್ ಆದ ಮೇಲೆ ತಮ್ಮ ಮತ್ತೆ ಫೋನ್ ಮಾಡಿದ. ಚೆನ್ನಾಗಿ ಬರೆದನಂತೆ. ಈ ಸಲ ಅಣ್ಣನನ್ನು ಕೇಳಲಿಲ್ಲ, ನೇರವಾಗಿ "ಆ ಗದಗಿನ ಅಣ್ಣ ಇದ್ದಾರಾ?" ಅಂದ. ಫೋನ್ ಕೈ ಬದಲಾಯಿತು.

"ಅಣ್ಣಾ, ಫ್ಲೋರಿನ್‌ಗೆ ಒಂದೇ ಸಮಸ್ಥಾನಿ ಅಂತೆ, 19. ಮಿಕ್ಸೇ ಇಲ್ಲ. ಹಾಗಿದ್ರೆ ಸರಿಯಾಗಿ 19 ಇರಬೇಕಲ್ವಾ? ಚಾರ್ಟಿನಲ್ಲಿ 18.998 ಯಾಕಿದೆ?"

ಈ ಸಲ ಗದಗಿನವನೂ ಎದ್ದು ಕೂತ. "ತಡಿ ತಮ್ಮಾ, ಲೆಕ್ಕಾ ಮಾಡಿ ಹೇಳ್ತೀವಿ" ಅಂದ. ಗೂಗಲ್ ಮಾಡೋ ಮುಂಚೆ ಪೇಪರ್ ಪೆನ್ನು ತಗೊಂಡ್ವಿ. ಎಲೆಕ್ಟ್ರಾನ್ ಸಮೇತ ಒಂಬತ್ತು ಪ್ರೋಟಾನ್, ಒಂದಕ್ಕೆ 1.00783. ಹತ್ತು ನ್ಯೂಟ್ರಾನ್, ಒಂದಕ್ಕೆ 1.00867. ಬಿಡಿ ಬಿಡಿಯಾಗಿ ತೂಗಿ ಕೂಡಿಸಿದರೆ 19.157 ಬಂತು. ಫ್ಲೋರಿನ್ ಆಗಿ ಒಟ್ಟಿಗೆ ಸೇರಿದ ಮೇಲೆ 18.998. ನಡುವೆ 0.159 ಕಾಣೆ. ಒಟ್ಟು ಸೇರುವಾಗ ಶಕ್ತಿಯಾಗಿ ಹೊರಗೆ ಹೋದ ದ್ರವ್ಯರಾಶಿ ಅದು, ಐನ್‌ಸ್ಟೈನ್ ಸಮೀಕರಣಕ್ಕೆ ಹಾಕಿದರೆ ಸುಮಾರು 148 ಎಂಇವಿ. ಹೈಡ್ರೋಜನ್‌ನ 1.008ರಲ್ಲಿರುವ ಬಾಲವೂ ಡ್ಯುಟೀರಿಯಂನಿಂದ ಬಂದದ್ದು ಅಂತ ನಾವು ನಾಲ್ವರೂ ನಂಬಿದ್ವಿ. ಅದೂ ಬಹುಪಾಲು ತಪ್ಪು, ಒಂಟಿ ಹೈಡ್ರೋಜನ್ ಪರಮಾಣುವೇ 1.0078 ತೂಗುತ್ತೆ. ಒಂದು ಚೂರೂ ಬಾಲ ಇಲ್ಲದೆ ಸರಿಯಾಗಿ ಪೂರ್ಣಸಂಖ್ಯೆ ತೂಗೋದು ಕಾರ್ಬನ್-12 ಒಂದೇ, ಅದೂ 1961ರಿಂದ ಅದನ್ನೇ ಅಳತೆಗೋಲು ಅಂತ ಎಲ್ಲರೂ ಒಪ್ಪಿಕೊಂಡಿರೋದರಿಂದ.

ಇದನ್ನೆಲ್ಲ ಹುಡುಗನಿಗೆ ಹೇಗೆ ಹೇಳೋದು ಅಂತ ರಾತ್ರಿ ಹನ್ನೊಂದೂವರೆವರೆಗೆ ನಾಲ್ವರೂ ಜಗಳ ಆಡಿದ್ವಿ. ಮಾರನೇ ದಿನ ಮ್ಯಾಥ್ಸ್ ಇಂಟರ್ನಲ್ಸ್ ಇತ್ತು.